ಪಾರ್ಲೆಯ ನೊಣಗಳೂ ಧಣಿಯ ಉದ್ದಿನ ವಡೆಯೂ

ನೊಣದ ಕೆಲಸಕ್ಕೆ ಇಳಿದವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ ಮಾರಾಯ್ರೇ, ಅದೇ ಬಂದು ಮೂಗಿನ ಮೇಲೆ ಕೂರುತ್ತದೆ. ನಾನು ಪೆಸ್ಟ್ ಕಂಟ್ರೋಲ್‌ನವಳು. ಜಿರಲೆ, ಇಲಿ, ತಿಗಣೆ ಎಲ್ಲದಕ್ಕೂ ಮದ್ದು ಹೊಡೆಯುತ್ತೇನೆ. ಆದರೆ ನೊಣ ಅಂದರೆ ನನಗೆ ಜೀವ! ಊರಲ್ಲಿ ಕಾಲೇಜಿಗೆ ಹೋಗುವಾಗ ಪ್ರಾಣಿಶಾಸ್ತ್ರದ ಮೇಷ್ಟ್ರು ಒಂದು ನೊಣವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸಿದ್ದೇ ನೆಪ, ಅವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಮದುಮಗಳ ಸೀರೆ ನೋಡುವಾಗ ನಾನು ಪಾಯಸದ ಪಾತ್ರೆಯ ಅಂಚಿನಲ್ಲಿ ಕೂತದ್ದು ಮನೆನೊಣವಾ ಹಸಿರು ನೊಣವಾ ಅಂತ ನೋಡುತ್ತಿರುತ್ತೇನೆ. ನಾವಿರುವ ಮುಂಬಯಿಯ ಆಂಟಾಪ್ ಹಿಲ್‌ನ ಬಿಲ್ಡಿಂಗಿನಲ್ಲಿ ನನ್ನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಕರೆದರೂ ಬಡಿಸುವಾಗ ಮಾತಾಡಬಾರದು ಅಂತ ಮೊದಲೇ ಹೇಳಿಡುತ್ತಾರೆ.

ಈಗ ಹೇಳುವುದೆಲ್ಲ ಕಳೆದ ಮಳೆಗಾಲದಲ್ಲಿ ಒಂದೇ ಹೋಟೆಲಿನಲ್ಲಿ ಆದದ್ದು. ದೊಡ್ಡ ಕಂಪನಿಯ ಕೆಲಸ ಬಿಟ್ಟು, ಜೋಗೇಶ್ವರಿಯಲ್ಲಿ ಒಂದು ಸಣ್ಣ ಗಾಳಾ, ಅಂದರೆ ಅಂಗಡಿ ಕೋಣೆ, ಬಾಡಿಗೆಗೆ ಹಿಡಿದು, ಸ್ವಂತ ವ್ಯವಹಾರ ಶುರು ಮಾಡಿದ್ದೆ. ನನ್ನ ಜೊತೆಗೆ ವಿಜಯಪುರ ಕಡೆಯ ಒಬ್ಬ ಸ್ಪ್ರೇಯವನು. ಪಂಪು ಬೆನ್ನಿಗೆ ಹಾಕಿಕೊಂಡರೆ ಅವನನ್ನು ಹಿಡಿಯುವವರಿಲ್ಲ. ನಮಗೆ ಸಿಕ್ಕಿದ ಮೊದಲ ಗಿರಾಕಿ ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲ್. ಅಲ್ಲಿಗೆ ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಮೇಡಂ ಬಂದಾಗ, ಅವರ ಎದುರಿಗೇ ಚಟ್ನಿಯಲ್ಲಿ ಒಂದು ನೊಣ ಈಜುತ್ತಿತ್ತಂತೆ. "ಮತ್ತೆ ಬರ್ತೇನೆ. ಹೇಳದೆ ಬರ್ತೇನೆ. ಅವತ್ತು ನೊಣ ಕಂಡ್ರೆ ಅಡಿಗೆಮನೆಗೆ ಬೀಗ" ಅಂದು ಹೋಗಿದ್ದರು. ಬೀಗ ಬಿದ್ದರೆ ಮಾಳಿಗೆಯಲ್ಲಿ ಮಲಗುವ ಹೋಟೆಲಿನ ಹುಡುಗರೆಲ್ಲ ಬೀದಿಗೆ. ಇನ್ನು ನನ್ನ ಕತೆ? ಮುಂಬಯಿಯಲ್ಲಿರುವ ನಮ್ಮೂರ ಕಡೆಯ ಹೋಟೆಲಿನವರೆಲ್ಲ ಶನಿವಾರದ ಭಜನೆಯಲ್ಲಿ ಸೇರುವವರು. ಈ ಹೋಟೆಲ್ ಮುಚ್ಚಿತು ಅಂದರೆ ಮಂಗಳಾರತಿ ಆಗುವುದರೊಳಗೆ ನನ್ನ ಹೆಸರಿಗೂ ಮಂಗಳ ಹಾಡಿ ಮುಗಿಸುತ್ತಿದ್ದರು.

ಪಾಠ ಮಾಡಿದ್ದು

ಮೊದಲ ದಿವಸ ಹೋದಾಗ ನಾಷ್ಟಾದ ಹೊತ್ತು, ಹೋಟೆಲ್ ಭರ್ತಿ. ಹೋಟೆಲಿನ ಧಣಿ ದುಡ್ಡಿನ ಗಲ್ಲೆಯಲ್ಲಿ ಕೂತಿದ್ದರು. ಬಿಳಿ ಅಂಗಿ, ಹಣೆಯಲ್ಲಿ ಗಂಧ, ಕೈಯಲ್ಲಿ ನೊಣ ಹೊಡೆಯುವ ಪ್ಲಾಸ್ಟಿಕ್ ಬ್ಯಾಟು. ಒಂದು ಕೈಯಲ್ಲಿ ಬಿಲ್ಲು ತೆಗೊಂಡರೆ ಇನ್ನೊಂದು ಕೈಯಲ್ಲಿ ಪಟ್!

"ಒಂದು ನೊಣಕ್ಕೆ ಇಷ್ಟು ಹೆದರ್ಬೇಕಾ ಹೇಳಿ" ಅಂದರು. "ಅದು ಎಷ್ಟು ತಿಂದೀತು?"

ಅಯ್ಯೋ, ಅದು ಕೇಳಬಾರದಿತ್ತು. ಯಾರಾದರೂ ನೊಣದ ಬಗ್ಗೆ ಪ್ರಶ್ನೆ ಕೇಳಿದರೆ ನನಗೆ ಮೈಮೇಲೆ ಬಂದ ಹಾಗೆ ಆಗುತ್ತದೆ. ಶುರು ಮಾಡಿದೆ. "ತಿನ್ನುವ ಕತೆ ಬಿಡಿ ಧಣಿ! ಅದಕ್ಕೆ ಹಲ್ಲೇ ಇಲ್ಲ, ಗಟ್ಟಿ ಪದಾರ್ಥ ತಿನ್ನಲಿಕ್ಕೆ ಆಗುವುದಿಲ್ಲ. ಅದು ಎಂತ ಮಾಡ್ತದೆ ಗೊತ್ತುಂಟಾ? ಮೊದಲು ಕಾಲಿನಿಂದ ರುಚಿ ನೋಡ್ತದೆ. ಹೌದು, ನಾಲಿಗೆ ಇರುವುದು ಪಾದದಲ್ಲಿ! ರುಚಿ ಆಯ್ತು ಅಂದ್ರೆ ಇಡ್ಲಿಯ ಮೇಲೆ ಹೊಟ್ಟೆಯಲ್ಲಿದ್ದದ್ದನ್ನು ಸ್ವಲ್ಪ ಕಕ್ಕುತ್ತದೆ. ಇಡ್ಲಿ ಕರಗಿ ನೀರಾಗ್ತದೆ. ಆಮೇಲೆ ಅದನ್ನು ಹೀರ್ತದೆ. ಹೀರುತ್ತಾ ಇರುವಾಗಲೇ ಹಿಂದಿನಿಂದ ಹೇಲ್ತದೆ. ಮೋರಿಯಿಂದ ಎದ್ದು ಬಂದ ಕಾಲಿನ ಕೂದಲಲ್ಲಿ ಟೈಫಾಯ್ಡು, ಕಾಲರಾ, ರಕ್ತಭೇದಿ, ಎಂತ ಬೇಕು ನಿಮಗೆ?"

ನನ್ನ ದನಿ ಸ್ವಲ್ಪ ದೊಡ್ಡದು. ಹಿಂದೆ ಕುರ್ಚಿ ಎಳೆದ ಸದ್ದು ಕೇಳಿ ತಿರುಗಿ ನೋಡಿದರೆ, ಹತ್ತಿರದ ಟೇಬಲ್ಲುಗಳ ಜನ ಎದ್ದು ಕೈ ತೊಳೆಯಲಿಕ್ಕೆ ಹೊರಟಿದ್ದರು. ತಟ್ಟೆಯಲ್ಲಿ ಇಡ್ಲಿ ಹಾಗೇ ಇತ್ತು. ಒಬ್ಬ ಗೃಹಸ್ಥರಂತೂ ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಕಣ್ಣು ಬಿಟ್ಟುಕೊಂಡು ನಿಂತಿದ್ದರು.

ಧಣಿ ಬ್ಯಾಟು ಕೆಳಗಿಟ್ಟರು. "ಮಾರಾಯ್ರೇ" ಅಂದರು ಕೈಮುಗಿದು, "ಇಷ್ಟು ದಿವಸ ಆದ್ರೂ ನೊಣಗಳಿಂದ ನನ್ನ ಒಬ್ಬ ಗಿರಾಕಿಯೂ ಎದ್ದು ಹೋಗಿರ್ಲಿಲ್ಲ!"

ರಸ್ತೆಗೆ ಮುಖ ಮಾಡಿದ ದೀಪ

ನನ್ನ ಮೊದಲ ಸಲಹೆ, ನೀಲಿ ದೀಪದ ಪೆಟ್ಟಿಗೆ. ಆ ಬೆಳಕಿಗೆ ನೊಣ ಮರುಳಾಗಿ ಬರುತ್ತದೆ, ಒಳಗಿನ ಅಂಟು ಹಾಳೆಗೆ ಸಿಕ್ಕಿಬೀಳುತ್ತದೆ. "ಒಳಗಿನ ಗೋಡೆಗೆ, ತಗ್ಗಿನಲ್ಲಿ, ಅಡಿಗೆಯಿಂದ ದೂರ" ಅಂತ ಹೇಳಿ ಬಂದೆ. ಹೇಳುವಾಗ ಧಣಿ ತಲೆ ಅಲ್ಲಾಡಿಸಿದ್ದು ಬಹಳ ಚೆನ್ನಾಗಿತ್ತು, ನನಗೆ ಸಂಶಯವೇ ಬರಲಿಲ್ಲ.

ಮರುವಾರ ಫೋನು. "ನಿಮ್ಮ ಪೆಟ್ಟಿಗೆ ಹಾಳಾಗಿದೆ. ನೊಣ ಕಮ್ಮಿ ಆಗುದು ಬಿಟ್ಟು ಜಾಸ್ತಿ ಆಗಿದೆ!"

ಓಡಿದೆ. ಲೋಕಲ್‌ನಲ್ಲಿ ನಿಂತುಕೊಂಡೇ ಯೋಚನೆ, ಯಾವ ನೊಣ ಇದು, ನೀಲಿ ದೀಪಕ್ಕೆ ಮರುಳಾಗದ ಹೊಸ ತಳಿಯಾ? ನಿಜ ಹೇಳುತ್ತೇನೆ, ಎದೆ ಡವಡವ ಅನ್ನುತ್ತಿತ್ತು, ಖುಷಿಗೆ! ಹೋಟೆಲಿನ ಎದುರು ಬಂದು ನೋಡುತ್ತೇನೆ, ಪೆಟ್ಟಿಗೆಯನ್ನು ಬಾಗಿಲಿನ ಮೇಲೆ, ಹೋಟೆಲಿನ ಬೋರ್ಡಿನ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ ಹಾಕಿದ್ದಾರೆ. ಸುತ್ತ ಒಂದು ಸೇವಂತಿಗೆ ಮಾಲೆ ಬೇರೆ. ಎದುರಿನ ಮೀನಿನವಳ ಬುಟ್ಟಿಯ ನೊಣ, ಪಕ್ಕದ ಹಣ್ಣಿನ ಗಾಡಿಯ ನೊಣ, ಸ್ಟೇಷನ್ನಿನ ಮೋರಿಯ ನೊಣ, ಎಲ್ಲವೂ ಮೆರವಣಿಗೆಯಲ್ಲಿ ಒಳಗೆ ಬರುತ್ತಿವೆ. ಪೆಟ್ಟಿಗೆಯ ಅಂಟಿನಲ್ಲಿ ಜಾಗವೇ ಇಲ್ಲ. ಜಾಗ ಸಿಗದವು ಸಾಂಬಾರಿನ ಕಡೆಗೆ ಹೋಗುತ್ತಿವೆ.

"ಧಣಿ! ಒಳಗೆ ಹಾಕಿ ಅಂದಿದ್ದೆನಲ್ಲ!"

"ಒಳಗೆ ಹಾಕಿದ್ರೆ ಯಾರಿಗೆ ಕಾಣ್ತದೆ?" ಅಂದರು ಧಣಿ ಬೇಸರದಲ್ಲಿ. "ಅಪ್ಪನ ಕಾಲದಿಂದ ಈ ಹೋಟೆಲಿನಲ್ಲಿ ಎಂತ ಹೊಸತು ತಂದ್ರೂ ಮೊದಲು ರಸ್ತೆಗೆ ಕಾಣುವ ಹಾಗೆ ಇಡುದು. ಬರುವವರಿಗೆ ದಾರಿ ಗೊತ್ತಾಗ್ಬೇಕಲ್ಲ!"

ಉಪ್ಪು ಕಮ್ಮಿ

ದೀಪ ಒಳಗೆ ಬಂತು. ಅಷ್ಟರಲ್ಲಿ ಭಜನೆಯಲ್ಲಿ ಯಾರೋ ಧಣಿಯ ಕಿವಿಗೆ ಇನ್ನೊಂದು ಹುಳ ಬಿಟ್ಟರು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ನೀರು ತುಂಬಿಸಿ ನೇತುಹಾಕಿದರೆ ನೊಣ ಬರುವುದಿಲ್ಲವಂತೆ, ನೀರಿನಲ್ಲಿ ತನ್ನ ಮುಖ ದೊಡ್ಡದಾಗಿ ಕಂಡು ಹೆದರುತ್ತದಂತೆ. ಮುಂಬಯಿಯಲ್ಲಿ ಅರ್ಧ ಅಂಗಡಿಗಳ ಎದುರು ಇದು ನೇತಾಡುತ್ತಿರುತ್ತದೆ. ನೊಣ ಅದರ ಮೇಲೆಯೇ ಕೂತು ಕಾಲು ಉಜ್ಜಿಕೊಳ್ಳುವುದನ್ನು ನಾನು ಎಷ್ಟು ಸಲ ನೋಡಿಲ್ಲ! ಹೇಳಿದೆ. ಕೇಳುವ ಜನವಾ? ಪಾರ್ಸೆಲ್ ಕೌಂಟರಿನ ಮೇಲಿನ ಮೊಳೆಗಳಿಗೆಲ್ಲ ನೀರಿನ ಕೊಟ್ಟೆ ಕಟ್ಟಿಸಿಯೇ ಬಿಟ್ಟರು.

ಅದೇ ಮೊಳೆಗಳಿಗೆ ಪಾರ್ಸೆಲ್ಲಿನ ಸಾರಿನ ಕೊಟ್ಟೆಗಳನ್ನೂ ನೇತುಹಾಕುವುದು ಆ ಹೋಟೆಲಿನ ಹಳೆಯ ಕ್ರಮ ಅಂತ ಮಾತ್ರ ಯಾರಿಗೂ ನೆನಪಾಗಲಿಲ್ಲ.

ಮಧ್ಯಾಹ್ನದ ಗಡಿಬಿಡಿಯಲ್ಲಿ ಎದುರಿನ ಬಿಲ್ಡಿಂಗಿನ ಒಬ್ಬ ಅಜ್ಜನಿಗೆ ಊಟದ ಪಾರ್ಸೆಲ್ ಹೋಯಿತು. ಅನ್ನ, ಪಲ್ಯ, ಹಪ್ಪಳ, ಒಂದು ಕೊಟ್ಟೆ ತಿಳಿಸಾರು. ಮಧ್ಯಾಹ್ನ ಕಳೆದ ಮೇಲೆ ಅಡಿಗೆ ಭಟ್ರು ಮೊಳೆಗಳನ್ನು ನೋಡಿ ಎದೆ ಹಿಡಿದುಕೊಂಡರು. ಭಟ್ರು ಅಂದರೆ ಧಣಿಯ ತಂದೆಯ ಕಾಲದಿಂದ ಇದ್ದವರು, ಆ ಹೋಟೆಲಿನ ಸಾರಿಗೆ ಹೆಸರು ತಂದವರು. "ಸಾರು ಇಲ್ಲೇ ಉಂಟು! ಅಜ್ಜನಿಗೆ ಹೋದದ್ದು ನೊಣದ ನೀರು!"

ಅಜ್ಜ ಬಹಳ ವರ್ಷಗಳ ಗಿರಾಕಿ, ಇನ್ಸ್‌ಪೆಕ್ಟರಿಗೆ ಒಂದು ಫೋನು ಮಾಡಿದರೂ ಸಾಕು. ಅಷ್ಟರಲ್ಲಿ ಅಜ್ಜನದೇ ಫೋನು ಬಂತು. ಧಣಿ ಸ್ಪೀಕರಿಗೆ ಹಾಕಿದರು. ಭಟ್ರು ದೇವರ ಫೋಟೋದ ಕಡೆಗೆ ನೋಡಿದರು. ದೀಪದ ಅಂಟು ಹಾಳೆ ಬದಲಿಸಲಿಕ್ಕೆ ಬಂದಿದ್ದ ನಾನು ಹಾಳೆ ಹಿಡಿದುಕೊಂಡೇ ಹತ್ತಿರ ಹೋದೆ.

"ಇವತ್ತು ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಆಯ್ತು" ಅಂದರು ಅಜ್ಜ. "ಬಾಕಿ ಎಲ್ಲ ಯಾವಾಗಿನ ಹಾಗೇ ಇತ್ತು."

"ಬದುಕಿದೆ" ಅಂತ ಧಣಿ ಕುರ್ಚಿಗೆ ಒರಗಿದರು. ಭಟ್ರು ಮಾತ್ರ ಎರಡು ದಿವಸ ಯಾರ ಜೊತೆಯೂ ಮಾತಾಡಲಿಲ್ಲ.

ಹೌಸ್ ಗಲ್ಲಿಯಲ್ಲಿ ಸಂಭ್ರಮ

ಇಷ್ಟೆಲ್ಲ ಆದರೂ ನೊಣ ಕಮ್ಮಿ ಆಗಲಿಲ್ಲ. ಇನ್ಸ್‌ಪೆಕ್ಟರ್ ಯಾವ ಗಳಿಗೆಯಲ್ಲಿ ಬರುತ್ತಾರೋ ಅಂತ ಧಣಿ ಬಾಗಿಲಲ್ಲಿ ಯಾವ ಹೆಂಗಸು ಕಂಡರೂ ಎದ್ದು ನಿಲ್ಲುತ್ತಿದ್ದರು. ನನಗೂ ಹಠ ಹತ್ತಿತು. ಹಾರುವ ನೊಣವನ್ನು ಕೊಂದು ಏನೂ ಪ್ರಯೋಜನ ಇಲ್ಲ, ಅದು ಹುಟ್ಟುವ ಜಾಗ ಹಿಡಿಯಬೇಕು. ಒಂದು ಹೆಣ್ಣು ನೊಣ ಕೊಳೆತ ಪದಾರ್ಥದಲ್ಲಿ ನೂರಕ್ಕೂ ಮಿಕ್ಕಿ ಮೊಟ್ಟೆ ಇಟ್ಟು ಹೋಗುತ್ತದೆ. ಒಂದು ದಿವಸದೊಳಗೆ ಹುಳ. ಮುಂಬಯಿಯ ಸೆಕೆಗೆ ಒಂದು ವಾರ, ಹತ್ತು ದಿವಸ ಅನ್ನುವಷ್ಟರಲ್ಲಿ ರೆಕ್ಕೆ ಬಂದು ಹಾರುವುದಕ್ಕೆ ತಯಾರು! ಮೋರಿ ನೋಡಿದೆವು, ಕಸದ ಡಬ್ಬ ನೋಡಿದೆವು, ತಟ್ಟೆ ತೊಳೆಯುವ ಜಾಗ ನೋಡಿದೆವು. ಎಲ್ಲ ಚೊಕ್ಕ.

ಉಳಿದದ್ದು ಹಿಂದಿನ ಹೌಸ್ ಗಲ್ಲಿ, ಎರಡು ಬಿಲ್ಡಿಂಗುಗಳ ನಡುವಿನ ಸಂದು. ಅದರ ಕೀಲಿಕೈ ಭಟ್ರ ಹತ್ತಿರ. ಕೇಳಿದರೆ, "ಅಲ್ಲಿ ಎಂತ ಇಲ್ಲ. ನೀವು ಹೋಗುದು ಬೇಡ" ಅಂದರು. ಸಾರು ಕಲಕುತ್ತಾ ನನ್ನ ಮುಖವನ್ನೂ ನೋಡಲಿಲ್ಲ. ನಮ್ಮ ಸ್ಪ್ರೇಯವನು ನನಗೆ ಕಣ್ಣು ಹೊಡೆದು, ಪಂಪು ಇಳಿಸಿ, ಗೋಡೆ ಹತ್ತಿ ಆಚೆ ಧುಮುಕಿದ. ಅಲ್ಲಿಂದಲೇ ಕೂಗಿದ, "ಅಕ್ಕಾರ! ಲಗೂನ ಬರ್ರಿ! ಹುಳಾ ಅಂದ್ರ ಹುಳಾ ಅದಾವ್ರೀ!"

ಕೀಲಿಕೈ ಕಸಿದುಕೊಂಡು ಓಡಿದೆ. ಅಲ್ಲಿ ಹಳೆಯ ಕಾಲದ ಒಂದು ಅರೆಯುವ ಕಲ್ಲು, ಅದರ ಹಿಂದೆ ಮಳೆಯಲ್ಲಿ ನೆನೆದು ಕೊಳೆತ ಬಾಳೆಯೆಲೆಗಳ ರಾಶಿ. ಕೋಲಿನಲ್ಲಿ ಎತ್ತಿದರೆ ಒಳಗೆ ಬೆಳ್ಳಗೆ ಮಿಜಿಮಿಜಿ! ಪಕ್ಕದ, ಮಳೆ ತಾಗದ ಒಣ ಮಣ್ಣಿನಲ್ಲಿ ಕಂದು ಬಣ್ಣದ ಕೋಶಗಳು, ಒಂದಕ್ಕಿಂತ ಒಂದು ಚೆಂದ! ನನಗೆ ತಡೆಯಲಿಕ್ಕೆ ಆಗಲಿಲ್ಲ ಮಾರಾಯ್ರೇ. "ಸಿಕ್ಕಿತು! ಸಿಕ್ಕಿತು!" ಅಂತ ಕೈ ತಟ್ಟಿ ಕುಣಿದುಬಿಟ್ಟೆ. ಮೇಲಿನ ಕಿಟಕಿ ತೆರೆದು ಒಬ್ಬ ಆಂಟಿ ಬಗ್ಗಿ ನೋಡಿ, "ಕ್ಯಾ ಹುವಾ? ಲಾಟರಿ ಲಗೀ ಕ್ಯಾ?" ಅಂದರು. "ನಹೀಂ ಆಂಟಿ, ಕೀಡೇ ಮಿಲೇ!" ಅಂದೆ, ಹುಳ ಸಿಕ್ಕಿದವು ಅಂತ. ಕಿಟಕಿ ಧಡ್ ಅಂತ ಮುಚ್ಚಿಕೊಂಡಿತು.

ಎಲೆಗಳನ್ನು ಬಿಡಿಸಿ ನೋಡಿದರೆ ಇಡ್ಲಿ, ಗೋಳಿಬಜೆ, ಕಾಶಿ ಹಲ್ವ. ಒಂದೊಂದೂ ಮುಟ್ಟದೆ ಬಿಟ್ಟದ್ದು. ಅಷ್ಟರಲ್ಲಿ ಧಣಿಯೂ ಬಂದರು, ಹಿಂದಿನಿಂದ ಭಟ್ರು. ಭಟ್ರ ಕಣ್ಣಲ್ಲಿ ನೀರು.

"ನಿಮಗೆ ಹೆದರಿಕೆ ಆಗ್ಬಾರ್ದು ಅಂತ ಹೇಳ್ಲಿಲ್ಲ ಧಣಿ" ಅಂದರು. "ದಿವಸಾ ಬೆಳಿಗ್ಗೆ ಮೊದಲ ಇಡ್ಲಿ ಈ ಕಲ್ಲಿನ ಮೇಲೆ ಕಾಗೆಗೆ ಇಡುದು ನಿಮ್ಮ ತಂದೆಯವರು ಹಾಕಿಕೊಟ್ಟ ಕ್ರಮ. ಅವರು ಹೋದ ಮೇಲೆ ಅವರ ಹೆಸರಲ್ಲೇ ಇಡ್ತಿದ್ದೆ. ಕಾಗೆ ಬಂದು ತಿಂತಿತ್ತು. ಈ ಮಳೆಗಾಲ ಶುರುವಾದಾಗಿನಿಂದ ಕಾಗೆ ಮುಟ್ಟುದೇ ಇಲ್ಲ! ದೊಡ್ಡ ಧಣಿಗೆ ಎಂತದೋ ಸಿಟ್ಟು ಬಂದಿದೆ. ಸಮಾಧಾನ ಆಗ್ಲಿ ಅಂತ ಗೋಳಿಬಜೆ ಇಟ್ಟೆ. ಮುಟ್ಲಿಲ್ಲ. ಕಾಶಿ ಹಲ್ವ ಇಟ್ಟೆ. ಮುಟ್ಲಿಲ್ಲ. ಮುಟ್ಟದ ಎಲೆಯನ್ನು ಕಸಕ್ಕೆ ಹಾಕಲು ಮನಸ್ಸು ಬರ್ಲಿಲ್ಲ. ನೊಣ ಜಾಸ್ತಿ ಆದ ಹಾಗೆ ಅವರ ಸಿಟ್ಟೂ ಜಾಸ್ತಿ ಆಯ್ತು ಅಂತ ನಾನು ಇನ್ನೂ ಜಾಸ್ತಿ ಇಟ್ಟೆ..."

ಧಣಿಯ ಮುಖ ಬಿಳಿಚಿಕೊಂಡಿತು. ಇನ್ಸ್‌ಪೆಕ್ಟರ್ ಅಂದರೆ ಹೆದರಿಕೆ, ನಿಜ. ಆದರೆ ಇದು ಅಪ್ಪ! "ಅಪ್ಪನಿಗೆ ನನ್ನ ಮೇಲೆ ಎಂತ ಸಿಟ್ಟು ಭಟ್ರೇ?" ಅಂದರು, ಸಣ್ಣ ದನಿಯಲ್ಲಿ. "ಸಾಂಬಾರಿಗೆ ಬೆಲ್ಲ ಕಮ್ಮಿ ಮಾಡಿಸಿದ್ದಕ್ಕಾ?"

ನಾನು ಸುಮ್ಮನೆ ಮೇಲೆ ನೋಡಿದೆ. ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಬಿಗಿಯಾಗಿ ಬಲೆ. ಪಾರಿವಾಳದ ಕಾಟ ಅಂತ ಮಳೆಗಾಲಕ್ಕೆ ಮೊದಲು ಧಣಿಯೇ ಕಟ್ಟಿಸಿದ್ದು. ಆ ಬಲೆಯ ಮೇಲೆ, ಹೊರಗಡೆ, ಒಂದು ಕಾಗೆ ಕೂತು ಕುತ್ತಿಗೆ ಓರೆ ಮಾಡಿ ಹಲ್ವವನ್ನೇ ನೋಡುತ್ತಿತ್ತು. ನಾಲ್ಕು ಜನವೂ ಬಾಯಿ ತೆರೆದು ಅದನ್ನೇ ನೋಡಿದೆವು.

ನಮ್ಮ ಸ್ಪ್ರೇಯವನೇ ಮೊದಲು ಬಾಯಿಬಿಟ್ಟ. "ಹಿರ್ಯಾರಿಗೆ ಸಿಟ್ಟೂ ಇಲ್ಲ, ಸೆಡವೂ ಇಲ್ರೀ ಧಣ್ಯಾರ! ಅವ್ರು ದಿನಾ ಬಂದ ಬರ್ತಾರ, ನೀವ ಒಳಗ ಬಿಡವಲ್ರಿ!"

ವಡೆ ಪರೀಕ್ಷೆ

ಆ ಕ್ಷಣವೇ ಧಣಿ ಏಣಿ ತರಿಸಿ, ತಾವೇ ಹತ್ತಿ, ತೆಂಗಿನಕಾಯಿ ಕೊಚ್ಚುವ ಕತ್ತಿಯಲ್ಲಿ ಬಲೆ ಹರಿದರು. ನಾವು ರಾಶಿಯನ್ನು ಬಳಿದು ಚೀಲಕ್ಕೆ ತುಂಬಿಸಿ, ಹುಳಕ್ಕೆ ಮದ್ದು ಹೊಡೆದು, ಸುಣ್ಣ ಹಾಕಿದೆವು. ಕಾಗೆಯ ಪಾಲು ಇನ್ನು ಟೆರೇಸಿನ ಕಟ್ಟೆಯ ಮೇಲೆ, ಸ್ವಲ್ಪ ಹೊತ್ತಿನ ಮೇಲೆ ತೆಗೆದುಬಿಡಬೇಕು ಅಂತ ಭಟ್ರ ಹತ್ತಿರ ದೇವರಾಣೆ ಹಾಕಿಸಿದೆ. ದಿವಸ ಕಳೆದ ಹಾಗೆ ನೊಣ ಇಳಿಯಿತು. ಇಳಿಯುತ್ತಾ ಇಳಿಯುತ್ತಾ ಒಂದು ಬೆಳಿಗ್ಗೆ ಗಲ್ಲೆಯಲ್ಲಿ ಬ್ಯಾಟಿಗೆ ಕೆಲಸವೇ ಇರಲಿಲ್ಲ! ನನಗೆ ಆಕಾಶಕ್ಕೆ ಮೂರೇ ಗೇಣು.

ಧಣಿಗೆ ಮಾತ್ರ ಸಂತೋಷವಿಲ್ಲ. ಅಭ್ಯಾಸ ತಪ್ಪಿದ ಕಾಗೆ ಟೆರೇಸಿಗೆ ಬರಲಿಲ್ಲ. ಭಟ್ರು ದಿವಸಾ ಮೇಲೆ ಹೋಗುವುದು, ತಲೆ ತಗ್ಗಿಸಿಕೊಂಡು ಇಳಿದು ಬರುವುದು. "ಎಂತ ಅವಸ್ಥೆ ನನ್ನದು" ಅಂದರು ಧಣಿ. "ಕೂರಬಾರದ್ದು ಬಂದು ಕೂತ್ರೆ ಹೋಟೆಲ್ ಹೋಯ್ತು. ಕೂರಬೇಕಾದ್ದು ಬಂದು ಕೂರದಿದ್ರೆ ನನ್ನ ನಿದ್ರೆ ಹೋಯ್ತು."

ಹಾಗಿರುವಾಗ ಒಂದು ದಿವಸ ನಾನೂ ನಮ್ಮ ಸ್ಪ್ರೇಯವನೂ ಅಲ್ಲೇ ಇದ್ದೆವು, ಇನ್ಸ್‌ಪೆಕ್ಟರ್ ಮೇಡಂ ಬಂದೇ ಬಿಟ್ಟರು. ಮರಾಠಿಯವರು, ಬಿಗಿಯಾದ ಜಡೆ, ಅದಕ್ಕಿಂತ ಬಿಗಿಯಾದ ಮುಖ. ಅಡಿಗೆಮನೆ ನೋಡಿದರು, ಗಲ್ಲಿ ನೋಡಿದರು. ಕೊನೆಗೆ ಬಾಗಿಲಿನ ಪಕ್ಕದ ಟೇಬಲ್ಲಿನಲ್ಲಿ ಕೂತು, "ಒಂದು ಪ್ಲೇಟ್ ವಡೆ ತನ್ನಿ" ಅಂದರು.

ಧಣಿಯ ಮುಖ ಅರಳಿತು. ಭಟ್ರು ಆಗಷ್ಟೇ ಎಣ್ಣೆಯಿಂದ ತೆಗೆದ ಉದ್ದಿನ ವಡೆ, ಚಟ್ನಿ ಸಮೇತ ಬಂತು.

"ತಿನ್ನುವುದಕ್ಕಲ್ಲ" ಅಂದರು ಮೇಡಂ. ಪ್ಲೇಟನ್ನು ಟೇಬಲ್ಲಿನ ಅಂಚಿಗೆ ಸರಿಸಿ, ಕೈಕಟ್ಟಿ ಕೂತರು. "ನೋಡೋಣ. ಒಂದು ನೊಣ ಬಂದು ಕೂತರೂ ಬೀಗ."

ಅಬ್ಬಬ್ಬಾ, ಆ ಹೊತ್ತು! ಗಿರಾಕಿಗಳೂ ತಿನ್ನುವುದನ್ನು ನಿಲ್ಲಿಸಿ ವಡೆ ನೋಡಿದರು. ಹುಡುಗರೆಲ್ಲ ಅಡಿಗೆಮನೆಯ ಬಾಗಿಲಲ್ಲಿ ಗುಂಪಾಗಿ ವಡೆ ನೋಡಿದರು. ಧಣಿಯ ತುಟಿಯಲ್ಲಿ ರಾಮನಾಮ. ಒಂದು ವಡೆಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಒಮ್ಮೆ ಮೇಡಂ ಸರಕ್ಕನೆ ಮುಂದೆ ಬಾಗಿ, "ಆ ಕಪ್ಪು ಏನದು?" ಅಂದರು. "ಒಳ್ಳೆಮೆಣಸು ಮೇಡಂ, ಕಾಳುಮೆಣಸು!" ಅಂತ ಭಟ್ರು ಒಳಗಿನಿಂದ ಕೂಗಿದರು. ಮೇಡಂ ಮತ್ತೆ ಹಿಂದಕ್ಕೆ ಒರಗಿದರು. ನೊಣ ಇಲ್ಲ. ಇನ್ನೂ ಇಲ್ಲ. ಗೆದ್ದೆವು, ಗೆದ್ದೆವು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಆಗ ರಸ್ತೆಯ ಕಡೆಯಿಂದ ಬರ್‍ರನೆ ಒಂದು ಕಾಗೆ ಬಂದು ಮೇಡಮ್ಮಿನ ಟೇಬಲ್ಲಿನ ಮೇಲೆ ಕೂತಿತು! ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಕೊಕ್ಕಿನಲ್ಲಿ ವಡೆಯನ್ನು ಮೆಲ್ಲಗೆ ಒಮ್ಮೆ ಮುಟ್ಟಿತು, ಆಮೇಲೆ ಇಡೀ ವಡೆ ಕಚ್ಚಿಕೊಂಡು ಬಂದ ದಾರಿಯಲ್ಲೇ ಹಾರಿಹೋಯಿತು. ಮೇಡಂ ಚೀರಿ ಎದ್ದರು. ಚಟ್ನಿ ಅವರ ಫೈಲಿನ ಮೇಲೆ.

ನನ್ನ ಕಣ್ಣೆದುರು ಬೀಗ ಕಂಡಿತು. ನೊಣ ಓಡಿಸಿ ಕಾಗೆ ತಂದವಳು ಅಂತ ಶನಿವಾರದ ಭಜನೆಯಲ್ಲಿ ನನ್ನ ಮೇಲೆ ಹಾಡೇ ಕಟ್ಟುತ್ತಾರೆ! ಧಣಿ ಈಗ ಕುಸಿದು ಬೀಳುತ್ತಾರೆ ಅಂತ ತಿರುಗಿ ನೋಡಿದರೆ, ಅವರು ಗಲ್ಲೆಯಿಂದ ಇಳಿದು ಓಡಿ ಬಂದು ರಸ್ತೆಯ ಕಡೆಗೆ ಉದ್ದಂಡ ಅಡ್ಡಬಿದ್ದಿದ್ದಾರೆ! "ಮುಟ್ಟಿದ್ರು! ದೊಡ್ಡ ಧಣಿ ಮುಟ್ಟಿದ್ರು!" ಅಂತ ಭಟ್ರು ಸೌಟು ಹಿಡಿದುಕೊಂಡೇ ಅಳುತ್ತಿದ್ದಾರೆ. ಹುಡುಗರೆಲ್ಲ ಚಪ್ಪಾಳೆ. ಏನು ಎತ್ತ ಗೊತ್ತಿಲ್ಲದ ಗಿರಾಕಿಗಳೂ ಚಪ್ಪಾಳೆ.

"ಇಲ್ಲಿ ಎಲ್ಲರಿಗೂ ಹುಚ್ಚಾ?" ಅಂದರು ಮೇಡಂ, ಫೈಲು ಒರೆಸುತ್ತಾ. "ತಟ್ಟೆಗೆ ಕಾಗೆ ಬಾಯಿ ಹಾಕಿದರೆ ಚಪ್ಪಾಳೆ ಹೊಡೀತೀರಾ?"

ನಾನು ನನ್ನ ಹರಕು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದೆ. ಭಟ್ರ ಎಲೆ, ಧಣಿಯ ಬಲೆ, ಮಳೆಗಾಲವಿಡೀ ಮುಟ್ಟದ ಕಾಗೆ, ಎಲ್ಲ. ಹೇಳುತ್ತಾ ಹೇಳುತ್ತಾ ಅವರ ಮುಖ ನೋಡಿದೆ. ತಿಥಿಯ ದಿವಸ ಪಿಂಡವನ್ನು ಕಾಗೆ ಮುಟ್ಟುವುದಕ್ಕೆ ಕಾಯುವ ಕಷ್ಟ ಮರಾಠಿ ಮನೆಯವರಿಗೆ ಹೇಳಿಕೊಡಬೇಕಾ? ಮೇಡಂ ನಿಧಾನಕ್ಕೆ ಕುರ್ಚಿಯಲ್ಲಿ ಕೂತರು. ರಸ್ತೆಯ ಕಡೆಗೊಮ್ಮೆ ನೋಡಿ, ಯಾರಿಗೂ ಕಾಣದ ಹಾಗೆ ಕೈಯನ್ನು ಎದೆಗೆ ಮುಟ್ಟಿಸಿಕೊಂಡರು. ಧಣಿ ಎದ್ದು, ಅಂಗಿಯ ಧೂಳನ್ನೂ ಕೊಡವದೆ ಕೈಮುಗಿದು ನಿಂತಿದ್ದರು.

"ನೊಣ ಒಂದೂ ಇಲ್ಲ. ಪಾಸ್" ಅಂದರು ಮೇಡಂ. ನಾನು ಸ್ಪ್ರೇಯವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೇಡಂ ಬೆರಳು ಎತ್ತಿ, ದನಿ ಬಿಗಿ ಮಾಡಿ ಮುಂದುವರಿಸಿದರು, "ಆದರೆ ನಿಮ್ಮ ತಂದೆಯವರಿಗೆ ಸರಿಯಾಗಿ ಹೇಳಿಡಿ. ಇನ್ನು ಮುಂದೆ ಅವರು ಟೆರೇಸಿನಲ್ಲೇ ತಿನ್ನಬೇಕು. ಹೋಟೆಲಿನ ಒಳಗೆ ಬರುವ ಹಾಗಿಲ್ಲ!"

ಧಣಿ ಕಣ್ಣೊರೆಸಿಕೊಂಡರು. "ಹೇಳಿ ಪ್ರಯೋಜನ ಇಲ್ಲ ಮೇಡಂ" ಅಂದರು. "ಬದುಕಿದ್ದಾಗಲೇ ನನ್ನ ಮಾತು ಕೇಳಿದ ಜನ ಅಲ್ಲ ಅವರು."